ದೇವರಾಯನದುರ್ಗ ರೋಡಿನ ಮಕ್ಕಳ ಕಲಾ ಕ್ಯಾಂಪ್: ಕಳಿಸ್ಬೋದಾ ಅಂತ ಕೇಳೋರಿಗೆ

ತುಮಕೂರಿಂದ ದೇವರಾಯನದುರ್ಗಕ್ಕೆ ಹೋಗೋ ರೋಡಲ್ಲಿ, ತೋಟದೊಳಗೆ ನಡೆಯೋ ಮಕ್ಕಳ ಸಮ್ಮರ್ ಕ್ಯಾಂಪ್ ಬಗ್ಗೆ ಸುಮಾರು ಜನ ಕೇಳ್ತಿದ್ರು, ಅದಕ್ಕೇ ಉದ್ದಕ್ಕೇ ಬರೀತಿದೀನಿ. ಐದಕ್ಕೆ ನಾಲ್ಕು ಸ್ಟಾರ್ ಕೊಡ್ತೀನಿ. ಒಂದು ಸ್ಟಾರ್ ಯಾಕೆ ಕಟ್ ಅಂತ ಆಮೇಲೆ ಹೇಳ್ತೀನಿ, ಆದ್ರೆ ಎಂಟೊಂಬತ್ತು ವರ್ಷ ದಾಟಿರೋ ಮಕ್ಕಳಿದ್ರೆ ಧೈರ್ಯವಾಗಿ ಕಳ್ಸಿ.

ಏಪ್ರಿಲ್ ಬಂತು ಅಂದ್ರೆ ಟೌನಲ್ಲಿ ಎಲ್ಲಿ ನೋಡಿದ್ರೂ ಕ್ಯಾಂಪಿನ ಬ್ಯಾನರ್ರೇ. ಡ್ಯಾನ್ಸು, ಡ್ರಾಯಿಂಗು, ಕರಾಟೆ, ಅಬಾಕಸ್ಸು ಎಲ್ಲಾ ಒಂದರಲ್ಲೇ, ಒಂದೊಂದಕ್ಕೆ ಮುಕ್ಕಾಲು ಗಂಟೆ, ಕೊನೆಗೊಂದು ಸರ್ಟಿಫಿಕೇಟು. ಮಕ್ಕಳಿಗೆ ಹೊತ್ತು ಹೋಗತ್ತೆ ಸರಿ, ಆದ್ರೆ ಕೈಗೆ ಏನೂ ಹತ್ತಲ್ಲ. ಇಲ್ಲಿ ಹಂಗಲ್ಲ, ಹದಿನೈದು ದಿನ ಅಲ್ಲೇ ಇರ್ಬೇಕು, ಫೋನ್ ಒಳಗೆ ಬಿಡಲ್ಲ, ಇಡೀ ಕ್ಯಾಂಪು ನಡೆಯೋದು ಒಂದೇ ಒಂದು ಆಟ, ಅಂದ್ರೆ ಬಯಲಾಟ, ಕಟ್ಟೋಕೆ. ಅದೂ ಮೂಡಲಪಾಯ, ನಮ್ಮ ಬಯಲುಸೀಮೆ ಯಕ್ಷಗಾನ! ಯಕ್ಷಗಾನ ಅಂದ್ರೆ ಕರಾವಳಿದು ಅಂತ್ಲೇ ನಮ್ಮ ಮಕ್ಕಳಿಗೆ ಗೊತ್ತು, ನಮ್ಮ ತಿಪಟೂರು ಕಡೆ ಕೋನೇಹಳ್ಳಿ, ಅರಳಗುಪ್ಪೆಲಿ ಅದರದೇ ಇನ್ನೊಂದು ಬಗೆ ಇದೆ, ಅದಕ್ಕೆ ಹಾಡೋ ಭಾಗವತರು, ಮದ್ದಳೆ, ಮುಖವೀಣೆ ಅನ್ನೋ ಊದೋ ವಾದ್ಯ ಎಲ್ಲಾ ಬೇರೆನೇ ಇದೆ ಅಂತ ಯಾವ ಸ್ಕೂಲಲ್ಲೂ ಹೇಳ್ಕೊಡಲ್ಲ. ಮುಖವೀಣೆ ನುಡಿಸೋರು ಈಗ ಸಿಗೋದೇ ಕಷ್ಟ, ಇವರು ಒಬ್ರು ವಯಸ್ಸಾದ ಕಲಾವಿದರನ್ನ ಹುಡುಕಿ ಕರ್ಕೊಂಡ್ ಬಂದು ಅಲ್ಲೇ ಉಳಿಸ್ಕೊಂಡಿದ್ರು. ಮಕ್ಕಳೆಲ್ಲಾ ಅವರನ್ನ ತಾತ ಅಂತ್ಲೇ ಕರೀತಿದ್ರು, ಉಳಿದೋರೆಲ್ಲಾ ಅಣ್ಣ ಅಕ್ಕ, ಸಾರ್ ಮಿಸ್ ಅನ್ನೋ ಮಾತೇ ಇಲ್ಲ.

ನನಗೆ ತುಂಬಾ ಹಿಡಿಸಿದ್ದು ಮಕ್ಕಳ ನಾಚಿಕೆ ಬಿಡಿಸೋ ರೀತಿ. ಬಯಲಾಟದಲ್ಲಿ ಪಾತ್ರ ಮೊದಲು ತೆರೆ ಹಿಂದೆ ಇರತ್ತೆ, ಈಚೆ ಬಂದ್ಮೇಲೆ ಸಾರಥಿ, ಅಂದ್ರೆ ಪಾತ್ರಗಳನ್ನ ಮಾತಾಡ್ಸಿ ಆಟ ನಡೆಸ್ಕೊಂಡು ಹೋಗೋನು, ತಾವು ಯಾರು, ಯಾವ ಊರು, ಬಂದಿದ್ಯಾಕೆ ಅಂತ ಕೇಳ್ತಾನೆ, ಪಾತ್ರ ಎದೆ ಸೆಟೆಸಿ ತನ್ನ ಹೆಸರು ದೇಶ ಎಲ್ಲಾ ಹೇಳ್ಕೊಳತ್ತೆ. ಮೊದಲನೇ ದಿನಾನೇ ಪ್ರತಿ ಮಗುವಿಗೂ ಇದನ್ನೇ ಮಾಡ್ಸಿದಾರೆ. ಇಬ್ರು ಹಳೇ ಪಂಚೆ ಅಡ್ಡ ಹಿಡಿಯೋದು, ಹಿಂದೆ ನಿಂತ ಮಗು ಮದ್ದಳೆ ಪೆಟ್ಟಿಗೆ ಕುಣಿದು ಈಚೆ ಬರೋದು, ಸಾರಥಿ ಆದೋರು ಕೇಳೋದು, ಮಗು ತನ್ನದೇ ಹೆಸರು, ತನ್ನದೇ ಊರು ರಾಜನ ಥರ ಕೂಗಿ ಹೇಳೋದು. ನಮ್ಮ ಮಗಳು ಆರನೇ ಕ್ಲಾಸು, ಮನೆಗೆ ನೆಂಟರು ಬಂದ್ರೆ ರೂಮಿಂದ ಈಚೆ ಬರದೇ ಇರೋಳು, ಅವಳನ್ನೇ ಕೊನೆಗೆ ಸಾರಥಿ ಮಾಡಿದ್ರು. ಈಗ ಮನೇಲಿ ಅವರಪ್ಪನ್ನ "ಭಲೇ ಸಾರಥಿ" ಅಂತ ಕರ್ದು ಕಾಫಿ ಕೊಡ್ತಾಳೆ.

ಇನ್ನೊಂದು, ಕೈಕೆಲಸ. ಕಿರೀಟ, ಭುಜಕ್ಕೆ ಕಟ್ಟೋ ಭುಜಕೀರ್ತಿ, ಮುಖವಾಡ ಯಾವ್ದನ್ನೂ ಬಾಡಿಗೆಗೆ ತರಲಿಲ್ಲ. ಹುಣಸೆ ಬೀಜ ಹುರಿದು, ಸಿಪ್ಪೆ ತೆಗೆದು, ನೆನೆಸಿ ರುಬ್ಬಿ, ಕಾಯಿಸಿ ಅಂಟು ಮಾಡ್ಸಿದಾರೆ. ನಮ್ಮ ಕಡೆ ಹುಣಸೆಗೇನ್ ಬರ, ಬೀಜ ಎಲ್ಲಾ ತಿಪ್ಪೆಗೇ ಹೋಗೋದು. ಜೇಡಿಮಣ್ಣಲ್ಲಿ ಮುಖ ತಿದ್ದಿ, ಅದರ ಮೇಲೆ ಹಳೇ ಪೇಪರ್ ಚೂರು ಒಂದು ಪದರ, ಅಂಟು ಒಂದು ಪದರ, ಮತ್ತೆ ಪೇಪರ್, ಹಂಗೇ ಹಚ್ತಾ ಹೋಗಿ ಬಿಸಿಲಿಗೆ ಇಡೋದು. ಅವಸರ ಮಾಡಿ ಹಸಿ ಇದ್ದಾಗ್ಲೇ ಮಣ್ಣಿಂದ ಬಿಡಿಸಿದ್ರೆ ಮೂಗು ಕುಸಿದು ಹೋಗತ್ತೆ, ಹಂಗೆ ಕುಸಿದವರಿಗೆ ಅಲ್ಲಿನ ಅಕ್ಕ ಬೈಯದೆ ಇನ್ನೊಂದು ಪದರ ಹಚ್ಚೋಕೆ ಹೇಳ್ತಿದ್ರಂತೆ. ಮಗಳು ತಂದ ಮುಖವಾಡದ ಒಳಗಡೆ ತಿರುಗಿಸಿ ನೋಡಿದ್ರೆ ಪೇಪರಿನ ಅಕ್ಷರ ಇನ್ನೂ ಓದ್ಬೋದು, ಕೆನ್ನೆ ಹತ್ರ ಅವಳ ಹೆಬ್ಬೆಟ್ಟು ಒತ್ತಿದ ಗುರುತಿದೆ.

ಒಂದಿನ ಕೈದಾಳಕ್ಕೆ ಕರ್ಕೊಂಡ್ ಹೋಗಿದ್ರು. 1150ರ ಸುಮಾರಿನ ಹೊಯ್ಸಳರ ಕಾಲದ ಚೆನ್ನಕೇಶವ ದೇವಸ್ಥಾನ, ಟೌನಿಗೆ ಇಷ್ಟು ಹತ್ರ ಇದ್ರೂ ನಮ್ಮೋರೇ ಎಷ್ಟೋ ಜನ ನೋಡಿಲ್ಲ. ಜಕಣಾಚಾರಿ ಕೈ ಕಡ್ಕೊಂಡು ಆಮೇಲೆ ಅಲ್ಲಿ ಕೈ ವಾಪಸ್ ಬಂದ ಕಥೆ ಹೇಳಿ, ರಬ್ಬರ್ ಕೊಡದೆ ಪೆನ್ಸಿಲಲ್ಲಿ ಬಿಡಿಸೋಕೆ ಕೂರಿಸಿದಾರೆ. ತಪ್ಪು ಗೆರೆ ಪಕ್ಕದಲ್ಲೇ ಇನ್ನೊಂದು ಗೆರೆ ಎಳೀರಿ ಅಂತ. ಗುಬ್ಬಿ ವೀರಣ್ಣನವರು ಸಣ್ಣ ಹುಡುಗನಾಗೇ ನಾಟಕ ಕಂಪನಿ ಸೇರಿದ್ದು, ಬಿ.ವಿ. ಕಾರಂತರೂ ಹುಡುಗನಾಗಿದ್ದಾಗ್ಲೇ ಅದೇ ಗುಬ್ಬಿ ಕಂಪನಿಗೆ ಬಂದಿದ್ದು, ಇದೆಲ್ಲಾ ರಾತ್ರಿ ಊಟ ಆದ್ಮೇಲೆ ಕಥೆ ಥರ ಹೇಳ್ತಿದ್ರಂತೆ. ಗುಬ್ಬಿ ಇಲ್ಲೇ ಪಕ್ಕದಲ್ಲಿದ್ದು ಮಕ್ಕಳಿಗೆ ಈ ಕಥೆ ಗೊತ್ತಿಲ್ಲ ಅಂದ್ರೆ ಬೇಜಾರಾಗತ್ತೆ ನಂಗೆ.

ಊಟ ಚೆನ್ನಾಗಿತ್ತು. ಬೆಳಗ್ಗೆ ತಟ್ಟೆ ಇಡ್ಲಿ ಇಲ್ಲಾ ಚಿತ್ರಾನ್ನ, ಮಧ್ಯಾಹ್ನ ಮುದ್ದೆ, ಬಸ್ಸಾರು, ಅನ್ನ, ಮಜ್ಜಿಗೆ. ಮುದ್ದೆ ಮುಟ್ಟದ ಮಕ್ಕಳೂ ಕುಣಿದ ಹಸಿವಿಗೆ ತಿಂದಿದಾರೆ.

ಈಗ ಬೇಸರದ ವಿಷಯ. ಹೆಣ್ಮಕ್ಕಳಿಗೆ ಇದ್ದಿದ್ದು ಎರಡೇ ಬಾತ್‌ರೂಮು, ಒಂದರ ಚಿಲಕ ಸರಿ ಇರ್ಲಿಲ್ಲ. ಬೋರ್‌ವೆಲ್ ನೀರು ಸಣ್ಣಗೆ ಬರ್ತಿತ್ತು ಅಂತ ನಡುವೆ ಒಂದೆರಡು ದಿನ ಸ್ನಾನಾನೇ ಇಲ್ಲ, ಅದೂ ಈ ಸೆಖೆಲಿ, ದಿನವೆಲ್ಲಾ ಕುಣಿಯೋ ಮಕ್ಕಳಿಗೆ. ದೊಡ್ಡ ಹೆಣ್ಮಕ್ಕಳಿಗೆ ಎಷ್ಟು ಕಷ್ಟ ಆಗತ್ತೆ ಅಂತ ನಡೆಸೋರಿಗೆ ಮೊದಲೇ ಹೊಳೀಬೇಕಿತ್ತು. ನಾನು ನೇರವಾಗೇ ಹೇಳ್ದೆ, ಚಿಲಕ ಅವತ್ತೇ ಹಾಕ್ಸಿದ್ರು, ಮುಂದಿನ ಸಲ ಟ್ಯಾಂಕರ್ ಹೇಳ್ತೀವಿ ಅಂದ್ರು.

ಇನ್ನು ಕೊನೇ ದಿನದ ಆಟ. ಮಕ್ಕಳು ಸಂಜೆ ಐದಕ್ಕೇ ಬಣ್ಣ ಹಚ್ಕೊಂಡು, ಕಿರೀಟ ಕಟ್ಕೊಂಡು ರೆಡಿ. ಅತಿಥಿಗಳು ಬಂದು, ದೀಪ ಹಚ್ಚಿ, ಹಾರ ಶಾಲು ಭಾಷಣ ಎಲ್ಲಾ ಮುಗಿಯೋ ಹೊತ್ತಿಗೆ ಎಂಟೂವರೆ. ಬೆವರಿಗೆ ಬಣ್ಣ ಕಣ್ಣಿಗಿಳಿದು ಒಂದು ಮಗು ಅಳ್ತಾ ಕೂತಿತ್ತು. ಆಟಕ್ಕಿಂತ ಮುಂಚೆ ಭಾಷಣ ಯಾಕೆ ಬೇಕು ಸ್ವಾಮಿ? ಮಕ್ಕಳು ಆಡಿದ್ಮೇಲೆ ಮಾತಾಡ್ಲಿ, ಕೂತು ಕೇಳ್ತೀವಿ. ತೆರೆ ಎದ್ಮೇಲೆ ಮಾತ್ರ ಮಕ್ಕಳು ಒಂದೂವರೆ ಗಂಟೆ ಎಲ್ಲೂ ಸುಸ್ತು ಕಾಣಿಸ್ಲಿಲ್ಲ, ನಡುವೆ ಕರೆಂಟ್ ಹೋದ್ರೂ ಮದ್ದಳೆ ನಿಲ್ಲಲಿಲ್ಲ, ಕುಣಿತಾನೂ ನಿಲ್ಲಲಿಲ್ಲ.

ಫೀಸು ಊಟ, ವಸತಿ ಸೇರಿ ಏಳು ಸಾವಿರ. ಕಮ್ಮಿ ಏನಲ್ಲ, ಆದ್ರೆ ಹದಿನೈದು ದಿನಕ್ಕೆ ಜಾಸ್ತಿನೂ ಅಲ್ಲ. ಅಷ್ಟು ಆಗಲ್ಲ ಅನ್ನೋರು ಬಾಲಭವನದಲ್ಲಿ ವಿಚಾರಿಸಿ, ಅಲ್ಲೂ ಬೇಸಿಗೆ ಶಿಬಿರ ಮಾಡ್ತಾರೆ. ಮೊದಲೆರಡು ರಾತ್ರಿ ಮಕ್ಕಳು ಅಳ್ತಾರೆ, ಆಫೀಸ್ ಫೋನಿಗೆ ಮೇಲಿಂದ ಮೇಲೆ ಕಾಲ್ ಮಾಡ್ಬೇಡಿ, ಮೂರನೇ ದಿನಕ್ಕೆ ಸರಿ ಹೋಗತ್ತೆ. ಹಳೇ ಬಟ್ಟೇನೇ ಕಳ್ಸಿ, ಬಣ್ಣ ಹೋಗಲ್ಲ. ಟೋಪಿ, ಸೊಳ್ಳೆ ಕ್ರೀಮು, ಒಂದು ಬಕೆಟ್ಟು ಮರೀಬೇಡಿ. ದುಡ್ಡು ಕಟ್ಟೋಕೆ ಮುಂಚೆ ಒಂದ್ಸಲ ಹೋಗಿ ಬಾತ್‌ರೂಮ್ ನೋಡ್ಕೊಂಡು, ನೀರಿಗೆ ಏನ್ ಮಾಡಿದೀರಿ ಅಂತ ಕೇಳ್ಕೊಂಡು ಬನ್ನಿ, ನಾಲ್ಕು ಜನ ಕೇಳಿದ್ರೆ ಅವರೂ ಬೇಗ ಸರಿ ಮಾಡ್ತಾರೆ.