ಫೋನಿನಲ್ಲಿ ಪ್ರೂಫ್ ನೋಡಿ ಓಕೆ ಅನ್ನಬೇಡಿ: ನನ್ನ 300 ಪ್ರತಿಗಳ ಕಥೆ

ಕೆಲಸಕ್ಕೆ ಹೋಗುತ್ತಲೇ ಸ್ವಂತ ದುಡ್ಡಿನಲ್ಲಿ ಪ್ರಬಂಧಗಳ ಒಂದು ಪುಟ್ಟ ಝೀನ್, ಅಂದರೆ ನಾವೇ ಅಚ್ಚು ಹಾಕಿಸಿ ಹಂಚುವ ಕಿರುಪುಸ್ತಕ, ತರಬೇಕು ಅಂದುಕೊಂಡಿದ್ದೀರಾ? ತನ್ನಿ. ಪ್ರೆಸ್ಸಿಗೆ ಓಕೆ ಹೇಳುವ ಮುಂಚೆ ಇದನ್ನೊಮ್ಮೆ ಓದಿ. ನನ್ನ ಮಂಚದ ಕೆಳಗೆ ಇನ್ನೂ ಎರಡು ರಟ್ಟಿನ ಡಬ್ಬ ಕೂತಿವೆ.

ನಾನು ಪೀಣ್ಯದ ಒಂದು ಕಂಪನಿಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ಒಂದು ವರ್ಷ ಬೆಳಿಗ್ಗೆ ಐದಕ್ಕೆ ಎದ್ದು, ಕುಕ್ಕರ್ ಇಡುವ ಮುಂಚೆ ಒಂದು ಗಂಟೆ ಬರೆದೆ. ಬಸ್ಸು, ಟಿಫನ್ ಡಬ್ಬಿ, ಬಾಡಿಗೆ ಮನೆ ಅಂತ ಒಂಬತ್ತು ಪ್ರಬಂಧಗಳಾದವು. ಎ5 ಅಳತೆ, ಮಧ್ಯೆ ಪಿನ್, 300 ಪ್ರತಿ, ಒಂದಕ್ಕೆ 52 ರೂಪಾಯಿ. ಅಂದರೆ 15,600. ಗೆಳೆಯರಲ್ಲಿ 80 ಜನ ತಲಾ ನೂರು ರೂಪಾಯಿ ಮೊದಲೇ ಕಳಿಸಿದ್ದರು. ಯುಗಾದಿಗೆ ಕೈಗೆ ಕೊಡ್ತೀನಿ ಅಂತ ಎಲ್ಲರಿಗೂ ಹೇಳಿಬಿಟ್ಟೆ. 2025ರ ಯುಗಾದಿ ಬಂದದ್ದು ಮಾರ್ಚ್ 30ಕ್ಕೆ. ಅಕೌಂಟ್ಸ್‌ನವರಿಗೆ ಮಾರ್ಚ್ ಕೊನೆ ಅಂದರೆ ಏನು ಅಂತ ಬಿಡಿಸಿ ಹೇಳಬೇಕಾ?

ಡಿಟಿಪಿಯವರು, ಅಂದರೆ ಕಂಪ್ಯೂಟರಿನಲ್ಲಿ ಪುಟ ಕಟ್ಟುವವರು, ಅಚ್ಚಿಗೆ ಮುಂಚೆ ನೋಡಲು ಪಿಡಿಎಫ್ ಕಳಿಸಿದ್ದು 26ರ ಮಧ್ಯಾಹ್ನ. ನನ್ನೆದುರು ಆಡಿಟರ್ ಕೂತಿದ್ದರು. "ಮೇಡಂ, ಓಕೆ ಅಂದ್ರೆ ರಾತ್ರಿನೇ ಮಷೀನಿಗೆ ಹಾಕ್ತೀವಿ" ಅಂತ ಮೆಸೇಜ್. ಮೇಜಿನ ಕೆಳಗೆ ಫೋನ್ ಹಿಡಿದು ನಾಲ್ಕು ಪುಟ ಸರಿಸಿದೆ. ಮುಖಪುಟ ಚೆನ್ನಾಗಿ ಕಂಡಿತು. ಹೆಬ್ಬೆರಳಿನ ಗುರುತು ಒತ್ತಿ ವೋಚರುಗಳಿಗೆ ವಾಪಸಾದೆ.

ಶನಿವಾರ ಕಟ್ಟು ಬಿಚ್ಚಿದೆ. ಮೊದಲ ಪ್ರಬಂಧದ ಹೆಸರು 'ಬಸ್‌ಪಾಸ್'. ದಪ್ಪ ಅಕ್ಷರದಲ್ಲಿ 'ಬಸ್ಪಾಸ್' ಅಂತ ಅಚ್ಚಾಗಿತ್ತು. ಒಳಗೆ 'ಟಿಫನ್‌ಗೆ' ಹೋಗಿ 'ಟಿಫನ್ಗೆ', 'ಮ್ಯಾನೇಜರ್‌ಗೆ' ಹೋಗಿ 'ಮ್ಯಾನೇಜರ್ಗೆ'. ಪುಟಪುಟದಲ್ಲೂ ಇದೇ.

ಕಾರಣ ಆಮೇಲೆ ತಿಳಿಯಿತು. ನಾವು ಫೋನಿನಲ್ಲಿ, ಲ್ಯಾಪ್‌ಟಾಪಿನಲ್ಲಿ ಬರೆಯುವುದು ಯೂನಿಕೋಡ್, ಅಂದರೆ ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಕೇತ ಇರುವ ಪದ್ಧತಿ. ಎಷ್ಟೋ ಡಿಟಿಪಿ ಅಂಗಡಿಗಳಲ್ಲಿ ಇವತ್ತಿಗೂ ಪುಟ ಕಟ್ಟಲು ಪೇಜ್‌ಮೇಕರ್ ಅನ್ನುವ ಹಳೇ ಸಾಫ್ಟ್‌ವೇರ್, ಅದರಲ್ಲಿ ಯೂನಿಕೋಡ್ ಅಲ್ಲದ ಹಳೇ ಮಾದರಿಯ ಆಸ್ಕಿ ನುಡಿ ಫಾಂಟು. ನಮ್ಮ ಫೈಲನ್ನು ಅವರು ಕನ್ವರ್ಟ್ ಮಾಡಿಕೊಳ್ಳುತ್ತಾರೆ. ಯೂನಿಕೋಡಿನಲ್ಲಿ 'ಸ್' ಮತ್ತು 'ಪಾ' ನಡುವೆ ಕಣ್ಣಿಗೆ ಕಾಣದ ಒಂದು ಗುರುತು ಇರುತ್ತದೆ. ಮುಂದಿನ ಅಕ್ಷರ ಒತ್ತಾಗಿ ಅಂಟಿಕೊಳ್ಳದಂತೆ ತಡೆಯುವುದೇ ಅದರ ಕೆಲಸ. ಕನ್ವರ್ಟ್ ಮಾಡುವಾಗ ಅದು ಬಿದ್ದುಹೋಯಿತು. ಇಂಗ್ಲಿಷ್ ಪದ ಕಡಿಮೆ ಇರುವ ಬರಹವಾದರೆ ಬಚಾವು. ಆಫೀಸು, ಬಸ್ಸು, ಫೋನು ಅಂತಲೇ ಬದುಕುವ ನನ್ನಂಥವಳ ಬರಹದಲ್ಲಿ ಸಾಲಿಗೊಂದು ತಪ್ಪು.

ಕೊನೇ ಪುಟದ ಕಥೆ ಇನ್ನೂ ಚೆಂದ. ನನ್ನ ಈಮೇಲ್ ವಿಳಾಸ ಇಂಗ್ಲಿಷ್ ಅಕ್ಷರಗಳಲ್ಲಿತ್ತು, ಅಲ್ವಾ? ಆಸ್ಕಿ ನುಡಿಯಲ್ಲಿ ಇಂಗ್ಲಿಷ್ ಅಕ್ಷರದ ಜಾಗದಲ್ಲೆಲ್ಲ ಕನ್ನಡದ ತುಂಡುಗಳು ಕೂತಿರುತ್ತವೆ. ಆ ಸಾಲಿಗೆ ಬೇರೆ ಫಾಂಟ್ ಹಾಕುವುದು ಮರೆತಿದ್ದರು. 'ನನಗೆ ಬರೆಯಿರಿ' ಅಂತ ಹೇಳಿ, ಕೆಳಗೆ ಯಾವುದೋ ಮಾಟದ ಮಂತ್ರ!

ಇನ್ನೊಂದು. ಮಧ್ಯೆ ಪಿನ್ ಹೊಡೆಯಬೇಕಾದರೆ ಪುಟಗಳು ನಾಲ್ಕರ ಲೆಕ್ಕಕ್ಕೆ ಬರಬೇಕು. ನನ್ನದು 50 ಪುಟ ಇತ್ತು. 52 ಮಾಡಿ ಎರಡು ಖಾಲಿ ಬಿಡಬಹುದಿತ್ತು. ಅವರು 12 ಪಾಯಿಂಟ್ ಅಕ್ಷರವನ್ನು 10ಕ್ಕೆ ಇಳಿಸಿ, ಪುಟ ಕಡಿಮೆ ಮಾಡಿ ನಾಲ್ಕರ ಲೆಕ್ಕಕ್ಕೆ ತಂದಿದ್ದರು. ನನ್ನ ಅಮ್ಮ ಕನ್ನಡಕ ಹಾಕಿಕೊಂಡೂ ಎರಡನೇ ಪುಟ ದಾಟಲಿಲ್ಲ. ಫೋನಿನಲ್ಲಿ ಬೆರಳಿಂದ ಹಿಗ್ಗಿಸಿ ನೋಡಿದ ನನಗೆ ಅಕ್ಷರದ ಗಾತ್ರ ಗೊತ್ತಾಗುವುದಾದರೂ ಹೇಗೆ?

ಜಗಳಕ್ಕೆ ಹೋದೆ. "ಮೇಡಂ, ನೀವೇ ಓಕೆ ಕೊಟ್ರಲ್ವಾ?" ಅಂತ ನನ್ನದೇ ಮೆಸೇಜ್ ತೋರಿಸಿದರು. ಮಾತು ಅಲ್ಲಿಗೆ ನಿಂತಿತು.

ಹಾಗಾಗಿ, ಫೈಲ್ ಕೊಡುವ ದಿನವೇ ಯೂನಿಕೋಡ್ ಫಾಂಟಿನಲ್ಲೇ ಪುಟ ಕಟ್ಟುತ್ತೀರಾ ಅಂತ ಕೇಳಿ. ಪಿಡಿಎಫ್ ಬಂದಾಗ ಒಂದು ಸಾಲು ಕಾಪಿ ಮಾಡಿ ವಾಟ್ಸಾಪ್‌ಗೆ ಹಾಕಿ ನೋಡಿ. ಇಂಗ್ಲಿಷ್ ಅಕ್ಷರಗಳ ಗೋಜಲು ಬಂದರೆ ಅದು ಆಸ್ಕಿ. ಆಗ ಅಕ್ಷರ ಅಕ್ಷರವೂ ಓದಲೇಬೇಕು. ಏನೇ ಆಗಲಿ, ಕಾಗದದ ಮೇಲೆ ಒಂದು ಡಮ್ಮಿ ಪ್ರತಿ ಕೈಗೆ ಬರದೆ ಓಕೆ ಬೇಡ. ಅದನ್ನು ಭಾನುವಾರ ಓದಿ. ಆಫೀಸ್ ಮುಗಿಸಿ ಬಂದ ರಾತ್ರಿ ಕಣ್ಣು ತನ್ನ ತಪ್ಪನ್ನು ತಾನೇ ಸರಿ ಮಾಡಿಕೊಂಡು ಓದುತ್ತೆ.

ಮಧ್ಯದಲ್ಲಿ ನನ್ನ ಝೀನಿಗೆ ಐಎಸ್‌ಬಿಎನ್, ಅಂದರೆ ಪುಸ್ತಕವನ್ನು ಗುರುತಿಸುವ ಸಂಖ್ಯೆ, ಕೊಡಿಸ್ತೀನಿ ಅಂದವರೊಬ್ಬರಿಗೆ 2,000 ರೂಪಾಯಿ ಕೊಟ್ಟೆ ಅನ್ನುವುದನ್ನೂ ಹೇಳಿಬಿಡ್ತೀನಿ, ನಾಚಿಕೆ ಯಾಕೆ. ನಮ್ಮ ದೇಶದಲ್ಲಿ ಅದು ಪುಕ್ಕಟೆ. ಕೇಂದ್ರ ಶಿಕ್ಷಣ ಸಚಿವಾಲಯದ ರಾಜಾ ರಾಮಮೋಹನ ರಾಯ್ ಏಜೆನ್ಸಿಯ ಪೋರ್ಟಲಿನಲ್ಲಿ ಲೇಖಕರೇ ಅರ್ಜಿ ಹಾಕಬಹುದು. ಗೆಳೆಯರಿಗೆ ಹಂಚುವ ಝೀನಿಗೆ ಅದು ಬೇಕೇ ಅನ್ನುವುದು ಬೇರೆ ಮಾತು.

ಹೊಸದಾಗಿ ಅಚ್ಚು ಹಾಕಿಸಲು ದುಡ್ಡಿರಲಿಲ್ಲ. ತಪ್ಪು ಒಪ್ಪುಗಳ ಪಟ್ಟಿ ಮಾಡಲು ಕೂತೆ. ಅದೇ ಮೂರು ಪುಟ ಆಯಿತು, ಬಿಟ್ಟೆ. ಒಬ್ಬ ಗೆಳತಿ 'ಬಸ್ಪಾಸ್' ಅನ್ನೋದು ಹೊಸ ಶೈಲಿ ಅಂದುಕೊಂಡಿದ್ದಳಂತೆ. ನಾನೂ ಹೂಂ ಅಂದೆ. ಈಗ ರಾತ್ರಿ ಊಟ ಆದಮೇಲೆ ಹತ್ತು ಹತ್ತು ಪ್ರತಿ ತೆಗೆದು, ಮಂತ್ರದ ಮೇಲೆ ಗೀಟು ಎಳೆದು, ಪೆನ್ನಿನಲ್ಲಿ ಈಮೇಲ್ ಬರೆಯುತ್ತಿದ್ದೇನೆ. 190 ಬಾಕಿ ಇವೆ.