ಭಾಷೆಯ ಲೆಕ್ಕಕ್ಕೆ ಯಾವುದು: ಎಕ್ಸೆಲ್, ಎಸ್‌ಪಿಎಸ್‌ಎಸ್, ಜಮೋವಿ, ಆರ್

ಬಳ್ಳಾರಿ, ಸಿರುಗುಪ್ಪ ಕಡೆ ಮನೆಯಲ್ಲಿ ತೆಲುಗು, ಪೇಟೆಯಲ್ಲಿ ಕನ್ನಡ ಮಾತಾಡುವವರು ತುಂಬಾ ಜನ ಇದ್ದಾರೆ. ಅವರ ಬಾಯಲ್ಲಿ ‘ಹಾಲು’ ಯಾವಾಗ ‘ಆಲು’ ಆಗುತ್ತದೆ ಎಂದು ನೋಡುವುದು ನನ್ನ ಪಿಎಚ್‌ಡಿ ಕೆಲಸ. ಕನ್ನಡ ಎಂ.ಎ. ಓದಿದವಳು ನಾನು, ಸಂಖ್ಯಾಶಾಸ್ತ್ರ ಹೊಸದು. ಹಾಗಾಗಿ ಒಂದೇ ಮಾಹಿತಿಯನ್ನು ನಾಲ್ಕು ಸಾಫ್ಟ್‌ವೇರ್‌ಗಳಲ್ಲಿ ಹಾಕಿ ನೋಡಿದೆ.

ಎಕ್ಸೆಲ್ ಮಾಹಿತಿ ತುಂಬಲು ಚೆನ್ನ. ಒಂದು ಉಚ್ಚಾರಕ್ಕೆ ಒಂದು ಸಾಲು, ಪಕ್ಕದಲ್ಲಿ ವಯಸ್ಸು, ಮನೆಮಾತು, ಪದ. ಆದರೆ ಸಿಎಸ್‌ವಿ ಕಡತವನ್ನು (ಅಲ್ಪವಿರಾಮ ಹಾಕಿ ಬೇರ್ಪಡಿಸಿದ ಸರಳ ಪಠ್ಯದ ಕಡತ) ನೇರವಾಗಿ ತೆರೆದರೆ ಕನ್ನಡ ಅಕ್ಷರ ಕೆಡುವುದುಂಟು. ಡೇಟಾ ಮೆನುವಿನಿಂದ ಯುಟಿಎಫ್-8 (ಎಲ್ಲ ಲಿಪಿಗಳಿಗೂ ಒಗ್ಗುವ ಅಕ್ಷರ ಸಂಕೇತ) ಆರಿಸಿ ತರಬೇಕು.

ಎಸ್‌ಪಿಎಸ್‌ಎಸ್ 1968ರಿಂದ ಇದೆ, ಈಗ ಐಬಿಎಂನದು. ಮೆನು ಒತ್ತಿದರೆ ಕೋಷ್ಟಕ ಬರುತ್ತದೆ. ಕೈ-ವರ್ಗ (chi-square) ಪರೀಕ್ಷೆ, ಅಂದರೆ ಗುಂಪುಗಳ ಎಣಿಕೆಯಲ್ಲಿನ ವ್ಯತ್ಯಾಸ ಬರೀ ಆಕಸ್ಮಿಕವೇ ಎಂದು ನೋಡುವ ಪರೀಕ್ಷೆ ಮಾಡಿದಾಗ, ನಿರೀಕ್ಷಿತ ಸಂಖ್ಯೆ 5ಕ್ಕಿಂತ ಕಡಿಮೆ ಇರುವ ಕೋಷ್ಟಕದ ಚೌಕಗಳು ಎಷ್ಟು ಎಂದು ಕೆಳಗೇ ಬರೆದು ತೋರಿಸುತ್ತದೆ. ಅಂಥವು ಹೆಚ್ಚಿದ್ದರೆ ಆ ಪರೀಕ್ಷೆಯನ್ನು ನಂಬುವುದು ಕಷ್ಟ, ಹಾಗಾಗಿ ಕಲಿಯುವವರಿಗೆ ಇದು ದೊಡ್ಡ ಉಪಕಾರ. ಆದರೆ ಬೆಲೆ ಜಾಸ್ತಿ. ಕಾಲೇಜಿನ ಕಂಪ್ಯೂಟರ್ ಬಿಟ್ಟರೆ ಮನೆಯಲ್ಲಿ ಸಿಗುವುದಿಲ್ಲ.

ಜಮೋವಿ ಉಚಿತ. ಒಳಗೆ ಓಡುವುದು ಆರ್ (ಆಜ್ಞೆ ಬರೆದು ಲೆಕ್ಕ ಮಾಡಿಸುವ ಸಾಫ್ಟ್‌ವೇರ್), ಹೊರಗೆ ಮೆನು. ಗುರುತು ಹಾಕಿದ ಕೂಡಲೇ ಪಕ್ಕದಲ್ಲೇ ಫಲಿತಾಂಶ ಬದಲಾಗುತ್ತದೆ. ಸರಾಸರಿ, ಮಧ್ಯಕ, ಪಿ-ಮೌಲ್ಯ (ವ್ಯತ್ಯಾಸವೇ ಇಲ್ಲದಿದ್ದರೂ ಇಷ್ಟಾದರೂ ವ್ಯತ್ಯಾಸ ಕಾಣುವ ಸಂಭವ) ಇವೆಲ್ಲ ಏನೆಂದು ನನಗೆ ನಿಜವಾಗಿ ತಿಳಿದದ್ದು ಇಲ್ಲೇ.

ಆದರೆ ಮಾತಿನ ಮಾಹಿತಿಗೆ ಬೇರೆಯದೇ ತೊಡಕು ಇದೆ. 30 ಜನ ತಲಾ 40 ಪದ ಹೇಳಿದರೆ 1,200 ಸಾಲು ಆಗುತ್ತದೆ. ಸುಮ್ನೆ ಕೈ-ವರ್ಗ ಮಾಡಿದರೆ ಅದು 1,200 ಬೇರೆ ಬೇರೆ ಸಾಕ್ಷಿಗಳೆಂದು ಲೆಕ್ಕ ಹಿಡಿಯುತ್ತದೆ. ಇರುವುದು 30 ಬಾಯಿ ತಾನೇ? ಒಬ್ಬರು ಪ್ರತಿ ಸಲ ‘ಹ’ ಬಿಟ್ಟರೆ 40 ಸಾಲೂ ಒಂದೇ ಕಡೆ ವಾಲುತ್ತವೆ. ಆಗ ಇಲ್ಲದ ವ್ಯತ್ಯಾಸವೂ ಇದ್ದಂತೆ ಕಾಣುತ್ತದೆ. ಇದಕ್ಕೆ ಮಿಶ್ರ ಪರಿಣಾಮ ಮಾದರಿ ಬೇಕು. ವ್ಯಕ್ತಿ ವ್ಯಕ್ತಿಯ ನಡುವಿನ ಏರಿಳಿತ, ಪದ ಪದದ ನಡುವಿನ ಏರಿಳಿತ ಎರಡನ್ನೂ ಅದು ಬೇರೆಯಾಗಿ ಇಟ್ಟು, ಆಮೇಲೆ ವಯಸ್ಸಿನ, ಮನೆಮಾತಿನ ಪಾಲು ಹೇಳುತ್ತದೆ. ಎಕ್ಸೆಲ್‌ನಲ್ಲಿ ಇದಕ್ಕೆ ಸಿದ್ಧ ದಾರಿ ಇಲ್ಲ. ಎಸ್‌ಪಿಎಸ್‌ಎಸ್‌ನಲ್ಲಿ ಇದೆ, ಆದರೆ ಮೆನುಗಳ ಆಳದಲ್ಲಿ. ಜಮೋವಿಗೆ ಗ್ಯಾಮ್ಲ್‌ಜೆ ಎಂಬ ಹೆಚ್ಚುವರಿ ಭಾಗ ಹಾಕಿಕೊಳ್ಳಬೇಕು.

ಆರ್‌ನಲ್ಲಿ ಎಲ್‌ಎಂಇ4 ಎಂಬ ಪ್ಯಾಕೇಜು ಇದನ್ನು ಒಂದೇ ಸಾಲಿನಲ್ಲಿ ಮಾಡುತ್ತದೆ. ಮೊದಮೊದಲು ಕಷ್ಟ, ಆಜ್ಞೆಯಲ್ಲಿ ಒಂದು ಅಲ್ಪವಿರಾಮ ತಪ್ಪಿದರೂ ಕೆಂಪು ಅಕ್ಷರದಲ್ಲಿ ತಪ್ಪಿನ ಸೂಚನೆ ಬರುತ್ತದೆ. ವಿಂಡೋಸ್‌ನಲ್ಲಿ ಕನ್ನಡ ಸರಿಯಾಗಿ ಓದಬೇಕಾದರೆ 2022ರಲ್ಲಿ ಬಂದ 4.2 ಆವೃತ್ತಿಯನ್ನೋ ಅದರ ಮುಂದಿನದನ್ನೋ ಹಾಕಿಕೊಳ್ಳಿ. ನನಗೆ ಆರ್ ಹಿಡಿಸಿದ್ದು ಇನ್ನೊಂದು ಕಾರಣಕ್ಕೆ. ಮಾಡಿದ ಪ್ರತಿ ಹೆಜ್ಜೆಯೂ ಕಡತದಲ್ಲಿ ಬರೆದೇ ಇರುತ್ತದೆ. ‘ವಯಸ್ಸಾದವರನ್ನು ಬಿಟ್ಟು ಮತ್ತೆ ನೋಡಿ’ ಎಂದು ಗೈಡ್ ಹೇಳಿದರೆ ಒಂದು ಸಾಲು ಬದಲಿಸಿ ಓಡಿಸಿದರಾಯಿತು.

ರೆಕಾರ್ಡಿಂಗ್ ಇಟ್ಟುಕೊಂಡು ಮಾತಿನ ಅಧ್ಯಯನ ಮಾಡುವವರು ಜಮೋವಿಯಲ್ಲಿ ಶುರು ಮಾಡಿ ಆರ್‌ಗೆ ಬನ್ನಿ. ಪ್ರತಿಯೊಬ್ಬರಿಂದ ಒಂದೊಂದೇ ಉತ್ತರ ಪಡೆದ ಪ್ರಶ್ನಾವಳಿಯಾದರೆ ಜಮೋವಿಯಲ್ಲೇ ನಿಲ್ಲಬಹುದು.