ಲೇತ್ ಮನೆಗೆ ತರಲು ಯಾವುದು ವಾಸಿ: ಹೈಡ್ರಾ, ಚೈನ್ ಬ್ಲಾಕ್, ಪ್ಯಾಲೆಟ್ ಟ್ರಕ್, ಪೈಪು?

ನಾಲ್ಕೂವರೆ ಅಡಿ ಬೆಡ್ಡಿನ (ಭಾಗಗಳೆಲ್ಲ ಕೂರುವ ಉದ್ದನೆಯ ತಳದ) ಹಳೇ ಲೇತ್, ಅಂದರೆ ಲೋಹ ಕಡೆಯುವ ಯಂತ್ರ, ಸಾಮಾನ್ಯವಾಗಿ 500–600 ಕೆಜಿ ತೂಗುತ್ತದೆ. ಟಾಟಾ ಏಸ್ ಅದನ್ನು ಹೊರುತ್ತದೆ. ಫಜೀತಿ ಇರುವುದು ಇಳಿಸುವಾಗ, ಆಮೇಲೆ ಗೇಟಿನಿಂದ ಶೆಡ್ಡಿಗೆ ಸಾಗಿಸುವಾಗ.

ಇಳಿಸಲು ಹೈಡ್ರಾ ಕ್ರೇನೇ ಸಲೀಸು. ಆದರೆ ಹತ್ತು ನಿಮಿಷದ ಕೆಲಸಕ್ಕೂ ಮಿನಿಮಮ್ ಬಾಡಿಗೆ ತೆರಬೇಕು. ಮೇಲೆ ಕರೆಂಟ್ ತಂತಿ ಹಾದ ಗಲ್ಲಿಯಾದರೆ ಅದರ ಯೋಚನೆಯೇ ಬೇಡ. ಅಲ್ಲಿ ಒಂದು ಟನ್ ಚೈನ್ ಬ್ಲಾಕ್ (ಸರಪಳಿ ಎಳೆದು ಭಾರ ಎತ್ತುವ ರಾಟೆ), 12 ಅಡಿಯ ಮೂರು ಕಾಲಿನ ಟ್ರೈಪಾಡ್ ಸಾಕು. ಬೋರ್‌ವೆಲ್ ಮೋಟರ್ ಎತ್ತುವವರ ಹತ್ತಿರ ಎರಡೂ ಇರುತ್ತವೆ. ಏಸ್ ಒಳಗೆ ನುಗ್ಗಬೇಕಾದ್ದರಿಂದ ಕಾಲುಗಳ ನಡುವೆ 8 ಅಡಿ ಬಿಡಿ, ಬುಡಕ್ಕೆ ಸುತ್ತ ಸರಪಳಿ ಬಿಗಿಯಿರಿ. ಬಿಗಿಯದಿದ್ದರೆ ಭಾರ ಬಿದ್ದೊಡನೆ ಕಾಲುಗಳು ಸಿಮೆಂಟಿನ ಮೇಲೆ ಜಾರುತ್ತವೆ. ಎತ್ತಿದ ಮೇಲೆ ಲೇತನ್ನು ಪಕ್ಕಕ್ಕೆ ಎಳೆಯಬಾರದು, ಗಾಡಿಯನ್ನೇ ಮುಂದೆ ತೆಗೆಸಬೇಕು.

ಲೇತ್ ಎತ್ತುವ ಬೆಲ್ಟ್ ಸರಿಯಾಗಿ ಹಾಕಿದರೆ ಅರ್ಧ ಕೆಲಸ ಮುಗಿದಂತೆ. ಹೆಡ್‌ಸ್ಟಾಕ್ (ಕಡೆಯುವ ತುಂಡನ್ನು ತಿರುಗಿಸುವ ಎಡತುದಿಯ ಭಾಗ) ಕಡೆಯೇ ಭಾರ ಹೆಚ್ಚು. ಟೇಲ್‌ಸ್ಟಾಕ್ (ತುಂಡಿನ ಇನ್ನೊಂದು ತುದಿಗೆ ಆಸರೆ), ಕ್ಯಾರೇಜ್ (ಉಳಿ ಹಿಡಿದು ಬೆಡ್ಡಿನ ಮೇಲೆ ಸರಿಯುವ ಭಾಗ) ಎರಡನ್ನೂ ಬಲತುದಿಗೆ ಸರಿಸಿ ಲಾಕ್ ಮಾಡಿ. ಬೆಲ್ಟ್ ಲೀಡ್ ಸ್ಕ್ರೂವನ್ನು (ಬೆಡ್ಡಿನ ಉದ್ದಕ್ಕೂ ಇರುವ ತಿರುಪಿನ ಸರಳನ್ನು) ಒತ್ತಿದರೆ ಸ್ಕ್ರೂ ಬಾಗುತ್ತದೆ, ಮತ್ತೆ ಥ್ರೆಡ್ ಕಟಿಂಗಿಗೆ ಬರುವುದಿಲ್ಲ. ಆದ್ದರಿಂದ ಬೆಡ್ಡಿನಡಿ ಅಡ್ಡಲಾಗಿ ಗಟ್ಟಿ ಮರದ ತುಂಡು ಕೊಟ್ಟು ಬೆಲ್ಟನ್ನು ಸ್ಕ್ರೂನಿಂದ ಆಚೆ ನಿಲ್ಲಿಸಿ. ಮೊದಲು ಒಂದಿಂಚು ಮಾತ್ರ ಎತ್ತಿ; ವಾಲಿದರೆ ಇಳಿಸಿ, ಬೆಲ್ಟನ್ನು ವಾಲಿದ ತುದಿಯ ಕಡೆ ಸರಿಸಿ.

ಇನ್ನು ನೆಲದ ಮೇಲೆ. ಪ್ಯಾಲೆಟ್ ಟ್ರಕ್ಕಿಗೆ (ಕೈಯಿಂದ ಪಂಪ್ ಮಾಡಿ ಭಾರ ಎತ್ತಿ ಎಳೆಯುವ ಗಾಡಿಗೆ) ಎರಡು ಟನ್ ಲೆಕ್ಕವೇ ಅಲ್ಲ, ಆದರೆ ಅದರ ಪುಟಾಣಿ ಚಕ್ರ ಅಂಗಳದ ಕಲ್ಲುಹಾಸಿನ ಸಂದಿಯಲ್ಲೇ ಕಚ್ಚಿಕೊಳ್ಳುತ್ತದೆ. ಹೊಸ್ತಿಲು ದಾಟುವುದಂತೂ ದೂರದ ಮಾತು. ಫ್ಯಾಕ್ಟರಿಯ ನುಣುಪು ನೆಲಕ್ಕೆ ಅದು ಸರಿ. ಎರಡನ್ನೂ ಬಳಸಿ ನೋಡಿದ ಮೇಲೆ ಮನೆಗೆ ನನ್ನ ಓಟು ಪೈಪಿಗೇ: ಒಂದಿಂಚು ಜಿಐ ಪೈಪ್ ನಾಲ್ಕು, ಲೇತಿನ ಬುಡಕ್ಕಿಂತ ಒಂದಡಿ ಉದ್ದ, ಎರಡು ಹಾರೆ, ನೆಲಕ್ಕೆ ಹಾಸಲು 18 ಎಂಎಂ ಪ್ಲೈವುಡ್ ಎರಡು ಹಾಳೆ. ಮೂರು ಪೈಪ್ ಸದಾ ಅಡಿಯಲ್ಲಿರಲಿ, ಹಿಂದೆ ಬಿಟ್ಟದ್ದನ್ನು ಮುಂದಿಡಿ. ತಿರುಗಿಸಲು ಮುಂದಿನ ಪೈಪಿನ ತುದಿಗೆ ಸುತ್ತಿಗೆಯಿಂದ ತಟ್ಟಿ ಓರೆ ಮಾಡಿದರಾಯಿತು. ಇಳಿಜಾರಿನಲ್ಲಿ ಮಾತ್ರ ಪೈಪ್ ಬೇಡ, ಲೇತ್ ಕೈಗೆ ಸಿಗುವುದಿಲ್ಲ.

ಜಾಗಕ್ಕೆ ಬಂದಾಗ ಒಂದು ತುದಿ ಎತ್ತಿ, ಮರ ಕೊಟ್ಟು, ಪೈಪ್ ತೆಗೆದು, ಆಮೇಲೆ ಇನ್ನೊಂದು ತುದಿ. ಹಿಂಬದಿಯ ಮೋಟರನ್ನು ಹೊರಡುವ ಮೊದಲೇ ಬಿಚ್ಚಿಡಿ. ಅದಿದ್ದರೆ ಹಾರೆ ಹಾಕಿದಾಗ ಲೇತ್ ಹಿಂದಕ್ಕೇ ಮಗುಚಿಕೊಳ್ಳಲು ನೋಡುತ್ತದೆ.